ಪುನರ್ಪುಳಿ, ನೇರಳೆ ಮತ್ತು ಯಕೃತ್ತು: ಮಧುಮೇಹಪೂರ್ವ ಸ್ಥಿತಿಯಲ್ಲಿ ಬೆರಿ ಹಣ್ಣುಗಳ ಪರಿಣಾಮ

ಗಾರ್ಸೀನಿಯ ಕುಲದ ಹಣ್ಣುಗಳು ಮಂಗಳೂರಿನ ಮನೆಗಳನ್ನು ಮೂರು ರೂಪಗಳಲ್ಲಿ ಪ್ರವೇಶಿಸುತ್ತವೆ. ಮೊದಲನೆಯದು ಸಾರಿಗೆ ಬಳಸುವ ಪುನರ್ಪುಳಿಯ ಒಣಸಿಪ್ಪೆ. ಎರಡನೆಯದು ಬೇಸಿಗೆಯ ಪಾನಕಕ್ಕಾಗಿ ಸಕ್ಕರೆ ಬೆರೆಸಿ ತಯಾರಿಸಿದ ಕೆಂಪು ಸಿರಪ್ಪು. ಮೂರನೆಯದು, ಈಚಿನದು, ತೂಕ ಇಳಿಸುವ ಭರವಸೆಯೊಂದಿಗೆ ಮಾರಾಟವಾಗುವ ಗುಳಿಗೆ. ಗುಳಿಗೆಯಲ್ಲಿರುವುದು ಸಾಮಾನ್ಯವಾಗಿ ಪುನರ್ಪುಳಿಯಲ್ಲ, ಅದೇ ಕುಲಕ್ಕೆ ಸೇರಿದ ಉಪ್ಪಾಗೆಯ ಸತ್ವ. ಆದರೆ ಎರಡು ಹಣ್ಣುಗಳ ಸಿಪ್ಪೆಯಲ್ಲಿಯೂ ಪ್ರಧಾನವಾಗಿರುವ ಆಮ್ಲ ಒಂದೇ. ರಕ್ತದ ಸಕ್ಕರೆ 'ಗಡಿಯಲ್ಲಿದೆ' ಎಂದು ವೈದ್ಯರಿಂದ ಕೇಳಿಸಿಕೊಂಡ ವ್ಯಕ್ತಿ ಈ ಮೂರರಲ್ಲಿ ಯಾವುದನ್ನು ಕೈಗೆತ್ತಿಕೊಳ್ಳುತ್ತಾನೆ ಎಂಬುದು ಅವನ ಯಕೃತ್ತಿನ ಮಟ್ಟಿಗೆ ಅಲ್ಪ ವಿಷಯವಲ್ಲ. ಬೆರಿ ಹಣ್ಣುಗಳ ಪೂರಕ ಸೇವನೆಯಿಂದ ಮಧುಮೇಹಪೂರ್ವ ಸ್ಥಿತಿಯಲ್ಲಿ ಯಕೃತ್ತಿಗೂ ಒಟ್ಟು ಚಯಾಪಚಯಕ್ಕೂ ಆಗುವ ಪರಿಣಾಮಗಳನ್ನು ಕುರಿತ ಅಧ್ಯಯನಗಳನ್ನು ನಮ್ಮ ಕರಾವಳಿಯ ಹಣ್ಣುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

'ಬೆರಿ' ಎಂಬ ಶಬ್ದದ ಬಗೆಗೆ ಮೊದಲೇ ಒಂದು ಮಾತು. ಒಂದು ಹೂವಿನ ಒಂದೇ ಅಂಡಾಶಯದಿಂದ ಬೆಳೆದ, ಒಳಗೋಡೆ ಓಟೆಯಂತೆ ಗಟ್ಟಿಯಾಗದ ರಸಭರಿತ ಹಣ್ಣನ್ನು ಸಸ್ಯಶಾಸ್ತ್ರಜ್ಞರು ಬೆರಿ ಎನ್ನುತ್ತಾರೆ. ಈ ಲಕ್ಷಣದಂತೆ ಟೊಮೇಟೊ, ಬದನೆ, ಬಾಳೆ ಎಲ್ಲವೂ ಬೆರಿಗಳು. ಸ್ಟ್ರಾಬೆರಿ ಮತ್ತು ರಾಸ್ಪ್‌ಬೆರಿಗಳು ಅಲ್ಲ. ನಮ್ಮ ನೇರಳೆ, ಕುಂಟಲ, ಕರಂಡೆ, ಪುನರ್ಪುಳಿಗಳು ನಿಜವಾದ ಬೆರಿಗಳು. ಇಂಗ್ಲಿಷಿನಲ್ಲಿ ಗೂಸ್‌ಬೆರಿ ಎನಿಸಿಕೊಂಡ ಬೆಟ್ಟದ ನೆಲ್ಲಿ ಮಾತ್ರ ಗಟ್ಟಿ ಓಟೆಯ ಕಾರಣದಿಂದ ಆ ಗುಂಪಿನ ಹೊರಗೆ ಉಳಿಯುತ್ತದೆ. ಪೋಷಣಶಾಸ್ತ್ರದ ಪ್ರಬಂಧಗಳು ಈ ಸೂಕ್ಷ್ಮಗಳನ್ನು ಲೆಕ್ಕಿಸುವುದಿಲ್ಲ. ಕೆಂಪು, ನೀಲಿ, ನೇರಳೆ ವರ್ಣದ ಆಂಥೋಸಯನಿನ್‌ಗಳು ಹೇರಳವಾಗಿರುವ ಸಣ್ಣ ಹಣ್ಣು ಅವುಗಳ ದೃಷ್ಟಿಯಲ್ಲಿ ಬೆರಿ. ಪುನರ್ಪುಳಿಗೂ ನೇರಳೆಗೂ ಈ ಅರ್ಥದಲ್ಲಿಯೂ ಪ್ರವೇಶವಿದೆ. ಪುನರ್ಪುಳಿಯ ಕೆಂಪಿಗೆ ಸಯನಿಡಿನ್‌ನ ಎರಡು ಗ್ಲೈಕೋಸೈಡುಗಳು ಕಾರಣ. ನೇರಳೆಯ ಕಡುನೀಲಿಗೆ ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್‌ಗಳ ಡೈಗ್ಲೂಕೋಸೈಡುಗಳು ಕಾರಣ. ಪುನರ್ಪುಳಿಯ ಪರಿಚಯ ಹೊರಜಗತ್ತಿಗೆ ಹೊಸದೇನಲ್ಲ. ಕೊಂಕಣಿಯ 'ಭಿರಿಂಡ'ವನ್ನು 'ಬ್ರಿಂಡಾವ್' ಎಂದು ಪೋರ್ಚುಗೀಸಿಗೆ ಒಗ್ಗಿಸಿಕೊಂಡ ವೈದ್ಯ ಗಾರ್ಸಿಯ ದ ಓರ್ತ, 1563ರಲ್ಲಿ ಗೋವೆಯಲ್ಲಿ ಮುದ್ರಣಗೊಂಡ ತನ್ನ ಸಂವಾದಗ್ರಂಥದಲ್ಲಿ ಈ ಹಣ್ಣನ್ನು ಪ್ರಸ್ತಾಪಿಸಿದ್ದಾನೆ.

ಮಧುಮೇಹಪೂರ್ವ ಸ್ಥಿತಿ ಮತ್ತು ಯಕೃತ್ತು

ಅಮೆರಿಕದ ಮಧುಮೇಹ ಸಂಘದ ಮಾನದಂಡದಂತೆ ಬರಿಹೊಟ್ಟೆಯ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ ಗ್ಲೂಕೋಸ್ 100ರಿಂದ 125 ಮಿ.ಗ್ರಾಂ ಇದ್ದರೆ, ಅಥವಾ 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಯ ತರುವಾಯ 140ರಿಂದ 199 ಇದ್ದರೆ, ಅಥವಾ ಎಚ್‌ಬಿಎ1ಸಿ ಶೇ. 5.7ರಿಂದ 6.4ರ ನಡುವೆ ಇದ್ದರೆ ಅದು ಮಧುಮೇಹಪೂರ್ವ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ ಬರಿಹೊಟ್ಟೆಯ ಕೆಳಮಿತಿಯನ್ನು 110ಕ್ಕೆ ಇರಿಸಿದೆ. ಆದುದರಿಂದ ಒಂದೇ ಊರಿನ ಎರಡು ಅಧ್ಯಯನಗಳು ಬೇರೆ ಬೇರೆ ಸಂಖ್ಯೆಗಳನ್ನು ಕೊಟ್ಟರೆ ಆಶ್ಚರ್ಯಪಡಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ 2023ರ ವರದಿಯು 2021ರಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳೂ 13.6 ಕೋಟಿ ಮಧುಮೇಹಪೂರ್ವ ಸ್ಥಿತಿಯವರೂ ಇದ್ದರೆಂದು ಅಂದಾಜಿಸಿತು. ರೋಗಿಗಳಿಗಿಂತ ರೋಗದ ಹೊಸ್ತಿಲಲ್ಲಿ ನಿಂತವರೇ ಹೆಚ್ಚು.

ಹೊಸ್ತಿಲಿನ ಈ ಸ್ಥಿತಿಯಲ್ಲಿ ಯಕೃತ್ತಿನ ಪಾತ್ರ ಏನು? ರಾತ್ರಿಯ ಉಪವಾಸದಲ್ಲಿ ಮಿದುಳಿಗೆ ಬೇಕಾದ ಗ್ಲೂಕೋಸನ್ನು ಬಿಡುಗಡೆ ಮಾಡುವುದು ಬಹುಮಟ್ಟಿಗೆ ಯಕೃತ್ತು. ಊಟದ ನಂತರ ಇನ್ಸುಲಿನ್ ಏರಿದಾಗ ಅದು ಈ ಬಿಡುಗಡೆಯನ್ನು ನಿಲ್ಲಿಸಬೇಕು. ಯಕೃತ್ತಿನ ಕೋಶಗಳಲ್ಲಿ ಕೊಬ್ಬು ಶೇಖರವಾದಂತೆ ಇನ್ಸುಲಿನ್ನಿನ ಆಜ್ಞೆ ಅಲ್ಲಿ ಸರಿಯಾಗಿ ನಡೆಯುವುದಿಲ್ಲ. ಸಕ್ಕರೆ ಹೊರಬೀಳುತ್ತಲೇ ಇರುತ್ತದೆ, ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಹೆಚ್ಚಿದ ಇನ್ಸುಲಿನ್ ಸಕ್ಕರೆಯನ್ನು ಕೊಬ್ಬಾಗಿಸುವ ಕ್ರಿಯೆಯನ್ನು ಯಕೃತ್ತಿನಲ್ಲಿ ಇನ್ನಷ್ಟು ಉತ್ತೇಜಿಸುತ್ತದೆ. ಇದೊಂದು ವಿಷಚಕ್ರ. ಮದ್ಯದ ಸೋಂಕಿಲ್ಲದ ಈ ಕೊಬ್ಬಿನ ಯಕೃತ್ತಿಗೆ 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು 'ಚಯಾಪಚಯ ದೋಷಜನ್ಯ ಕೊಬ್ಬಿನ ಯಕೃತ್ತು' ಎಂಬರ್ಥದ ಹೊಸ ಹೆಸರನ್ನಿತ್ತರು. ಅದಕ್ಕೂ ಮುನ್ನ, 2021ರಲ್ಲಿ, ಭಾರತ ಸರಕಾರ ಇದನ್ನು ತನ್ನ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿಸಿಕೊಂಡಿತ್ತು.

ತೆಳ್ಳಗಿರುವವರಿಗೆ ಈ ಭಯವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪುಣೆಯ ವೈದ್ಯವಿಜ್ಞಾನಿ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ಅವರು 2004ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ ಪ್ರಕಟಿಸಿದ ಪುಟ್ಟ ಟಿಪ್ಪಣಿ ಇದಕ್ಕೆ ಉತ್ತರ. ಇಬ್ಬರ ದೇಹತೂಕ ಸೂಚ್ಯಂಕವೂ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2.

ಪರದೇಶದ ಬೆರಿಗಳ ಸಾಕ್ಷ್ಯ

ಮನುಷ್ಯರ ಮೇಲೆ ನಡೆದ ವ್ಯವಸ್ಥಿತ ಪ್ರಯೋಗಗಳಲ್ಲಿ ಬಹುಪಾಲು ಬ್ಲೂಬೆರಿ, ಬಿಲ್ಬೆರಿ, ರಾಸ್ಪ್‌ಬೆರಿಗಳಿಗೆ ಸಂಬಂಧಿಸಿದವು. 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಸ್ಥೂಲದೇಹದ, ಇನ್ಸುಲಿನ್ ಪ್ರತಿರೋಧವಿದ್ದ ಆದರೆ ಮಧುಮೇಹವಿರದ 32 ಮಂದಿಯಲ್ಲಿ ಒಂದು ಗುಂಪಿಗೆ ದಿನಕ್ಕೆ 45 ಗ್ರಾಂ ಬ್ಲೂಬೆರಿ ಪುಡಿಯನ್ನು 6 ವಾರಗಳ ಕಾಲ ಕೊಡಲಾಯಿತು. ಇನ್ಸುಲಿನ್ ಸಂವೇದನೆಯನ್ನು ಅಳೆಯಲು ಅತ್ಯಂತ ವಿಶ್ವಸನೀಯವೆನಿಸಿದ ಕ್ಲಾಂಪ್ ವಿಧಾನದಿಂದಲೇ ಅಳೆದಾಗ ಆ ಗುಂಪಿನಲ್ಲಿ ಸುಧಾರಣೆ ಕಂಡಿತು. ಹಾಗಾದರೆ ಪ್ರಶ್ನೆ ಬಗೆಹರಿಯಿತೇ? 2019ರಲ್ಲಿ ಇಂಗ್ಲೆಂಡಿನಿಂದ ಬಂದ ದೀರ್ಘ ಪ್ರಯೋಗ, ಚಯಾಪಚಯ ದೋಷಸಮೂಹವಿದ್ದ 115 ಮಂದಿಗೆ 6 ತಿಂಗಳ ಕಾಲ ನಡೆದದ್ದು, ಬೇರೆಯೇ ಉತ್ತರ ಕೊಟ್ಟಿತು. ದಿನಕ್ಕೆ 150 ಗ್ರಾಂ ತಾಜಾ ಹಣ್ಣಿಗೆ ಸಮನಾದ ಬ್ಲೂಬೆರಿ ತಿಂದವರಲ್ಲಿ ರಕ್ತನಾಳಗಳ ಕಾರ್ಯ ಉತ್ತಮಗೊಂಡಿತು. ಇನ್ಸುಲಿನ್ ಪ್ರತಿರೋಧ ಬದಲಾಗಲಿಲ್ಲ. ಈ ಎರಡೂ ಪ್ರಯೋಗಗಳಿಗೆ ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿಯ ಧನಸಹಾಯವಿತ್ತು. ಅದು ಫಲಿತಾಂಶಗಳನ್ನು ಅನುಮಾನಿಸಲು ತಾನಾಗಿ ಕಾರಣವಾಗದು. ಪುನರ್ಪುಳಿಯ ಬೆನ್ನಿಗೆ ಅಂಥ ಸಂಪನ್ನ ಮಂಡಳಿಯಿಲ್ಲ ಎಂಬುದನ್ನಂತೂ ನೆನಪಿಡಬೇಕು. ಯಾವ ಹಣ್ಣಿನ ಮೇಲೆ ಪ್ರಯೋಗ ನಡೆಯುತ್ತದೆ ಎಂಬುದನ್ನು ಹಣ್ಣಿನ ಗುಣವೊಂದೇ ನಿರ್ಧರಿಸುವುದಿಲ್ಲ.

ನಮ್ಮ ವಿಷಯಕ್ಕೆ ಅತಿ ಸಮೀಪದ ಎರಡು ಅಧ್ಯಯನಗಳು ಚೀನಾದವು. ಎರಡರಲ್ಲಿಯೂ ಹಣ್ಣಿನ ಬದಲು ಶುದ್ಧೀಕರಿಸಿದ ಆಂಥೋಸಯನಿನ್ ದಿನಕ್ಕೆ 320 ಮಿ.ಗ್ರಾಂನಂತೆ 12 ವಾರ ಬಳಕೆಯಾಯಿತು. 2015ರ ಅಧ್ಯಯನದಲ್ಲಿ ಕೊಬ್ಬಿನ ಯಕೃತ್ತಿನ 74 ಮಂದಿಯಿದ್ದರು. ಯಕೃತ್ತಿನ ಕೋಶಗಳ ಹಾನಿಯನ್ನು ಸೂಚಿಸುವ ಎಎಲ್‌ಟಿ ಕಿಣ್ವ ಆಂಥೋಸಯನಿನ್ ಪಡೆದವರ ರಕ್ತದಲ್ಲಿ ಗಮನಾರ್ಹವಾಗಿ ಇಳಿಯಿತು. 2017ರ ಅಧ್ಯಯನ ಮಧುಮೇಹಪೂರ್ವ ಸ್ಥಿತಿಯ ಅಥವಾ ಚಿಕಿತ್ಸೆ ಆರಂಭವಾಗದ ಹೊಸ ಮಧುಮೇಹದ 160 ಮಂದಿಯದು. ಎಚ್‌ಬಿಎ1ಸಿ ಹುಸಿಮದ್ದಿನ ಗುಂಪಿಗಿಂತ ಶೇ. 0.14ರಷ್ಟು ಹೆಚ್ಚು ತಗ್ಗಿತು. ಈ 0.14 ಎಂಬುದು ಶೇಕಡಾವಾರು ಅಂಶ, ಅಂದರೆ 6.10 ಇದ್ದುದು 5.96 ಆದಂತೆ. ಸಂಖ್ಯಾಶಾಸ್ತ್ರಕ್ಕೆ ಇದು ಕಾಣುತ್ತದೆ, ಒಬ್ಬ ವ್ಯಕ್ತಿಯ ಪರೀಕ್ಷಾ ವರದಿಯಲ್ಲಿ ಪ್ರಯೋಗಾಲಯದ ದಿನದಿನದ ಏರುಪೇರಿನೊಳಗೆ ಮುಚ್ಚಿಹೋಗುತ್ತದೆ.

ಆಂಥೋಸಯನಿನ್ ದೇಹದೊಳಗೆ ಏನಾಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ಅದರ ಅಲ್ಪಾಂಶ ಮಾತ್ರ ತನ್ನ ಮೂಲ ರೂಪದಲ್ಲಿ ರಕ್ತವನ್ನು ಸೇರುತ್ತದೆ. 2013ರಲ್ಲಿ ಇಂಗಾಲ-13ರಿಂದ ಗುರುತುಹಾಕಿದ ಸಯನಿಡಿನ್ ಗ್ಲೂಕೋಸೈಡನ್ನು, ಅಂದರೆ ಪುನರ್ಪುಳಿಯಲ್ಲಿಯೂ ಇರುವ ವರ್ಣಕವನ್ನು, 8 ಮಂದಿ ಪುರುಷರಿಗೆ ಕುಡಿಸಿ ಜಾಡು ಹಿಡಿದಾಗ, ಗುರುತಿನ ಸುಮಾರು ಶೇ. 12ರಷ್ಟು ಭಾಗ ಮೂತ್ರ ಮತ್ತು ಉಸಿರಿನಲ್ಲಿ ದೊರೆಯಿತು. ಅದರಲ್ಲಿ ಹೆಚ್ಚಿನದು ದೇಹವೂ ಕರುಳಿನ ಸೂಕ್ಷ್ಮಾಣುಜೀವಿಗಳೂ ಒಡೆದು ಮಾಡಿದ ಸಣ್ಣ ಫಿನಾಲಿಕ್ ಆಮ್ಲಗಳದು. ಆದುದರಿಂದ ಕರುಳಿನ ಸೂಕ್ಷ್ಮಾಣುಗಳ ವೈವಿಧ್ಯ ಬೇರೆಯಾದರೆ, ಕುಚ್ಚಲಕ್ಕಿ, ತೆಂಗು, ಮೀನು ತಿನ್ನುವ ಮಂಗಳೂರಿನವನಿಗೂ ಬ್ರೆಡ್ಡು ತಿನ್ನುವ ಇಂಗ್ಲೆಂಡಿನವನಿಗೂ ಒಂದೇ ಹಣ್ಣು ಒಂದೇ ಫಲ ಕೊಡಬೇಕೆಂಬ ನಿಯಮವಿಲ್ಲ.

ನೇರಳೆಯ ವಿಚಾರವನ್ನು ಸಂಕ್ಷೇಪವಾಗಿ ಮುಗಿಸಬಹುದು. ಅದರ ಬೀಜದ ಪುಡಿ ಮಧುಮೇಹಕ್ಕೆ ಮದ್ದೆಂಬ ನಂಬಿಕೆ ಆಯುರ್ವೇದದಲ್ಲಿ, ಮನೆಮದ್ದಿನಲ್ಲಿ ಹಳೆಯದು. ಇಲಿಗಳ ಮೇಲಿನ ಅಧ್ಯಯನಗಳಿಗೆ ಲೆಕ್ಕವಿಲ್ಲ. ಬ್ರೆಜಿಲಿನಲ್ಲಿಯೂ ನೇರಳೆ ಎಲೆಯ ಕಷಾಯ ಜನಪ್ರಿಯ. ಅಲ್ಲಿನ ಸಂಶೋಧಕರು ಅದನ್ನು ಮಧುಮೇಹಿಗಳ ಮೇಲೆ ಹುಸಿಮದ್ದಿನೊಡನೆ ಹೋಲಿಸಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು: ಗ್ಲೈಬುರೈಡ್ ಮಾತ್ರೆ ಸಕ್ಕರೆಯನ್ನು ಇಳಿಸಿತು, ನೇರಳೆ ಎಲೆಯ ಕಷಾಯ ಇಳಿಸಲಿಲ್ಲ. ಎಲೆಯ ಫಲಿತಾಂಶವನ್ನು ಬೀಜಕ್ಕೋ ಹಣ್ಣಿಗೋ ಅನ್ವಯಿಸಲಾಗದು, ನಿಜ. ಆದರೆ ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಅನ್ವಯಿಸುವಾಗಲೂ ಇದೇ ಎಚ್ಚರ ಬೇಕಲ್ಲವೇ? ನೇರಳೆ ಹಣ್ಣಿನಲ್ಲಿ 100 ಗ್ರಾಂಗೆ ಸುಮಾರು 14 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ಸಂಜೆಯ ಬಿಸ್ಕತ್ತಿನ ಬದಲು ಒಂದು ಹಿಡಿ ತಿಂದರೆ ಲಾಭವೇ ಸರಿ, ಬಿಸ್ಕತ್ತಿನ ಜೊತೆಗೆ ತಿಂದರೆ ಅಲ್ಲ.

ಮೈಸೂರಿನಲ್ಲಿ ಗುರುತಿಸಿದ ಆಮ್ಲ

ಗುಳಿಗೆಯ ಕತೆಗೆ ಬರುವ ಮೊದಲು ಮೀನಿನ ಕತೆ ಹೇಳಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬಂಗುಡೆಯಂಥ ಮೀನುಗಳನ್ನು ಉಪ್ಪು ಮತ್ತು ಗಾರ್ಸೀನಿಯ ಸಿಪ್ಪೆಯೊಡನೆ ಪೀಪಾಯಿಗಳಲ್ಲಿ ಅದುಮಿ ಸಂರಕ್ಷಿಸುವ ವಿಧಾನವೊಂದಿತ್ತು. ಸಿಂಹಳಕ್ಕೆ ರಫ್ತಾಗುತ್ತಿದ್ದ ಕಾರಣ ಅದಕ್ಕೆ 'ಕೊಲಂಬೊ ಸಂಸ್ಕರಣ' ಎಂದು ಹೆಸರು. ಮೀನು ಕೆಡದಂತೆ ತಡೆಯುವ ಈ ಸಿಪ್ಪೆಯ ಹುಳಿ ಸಿಟ್ರಿಕ್ ಮತ್ತು ಟಾರ್ಟಾರಿಕ್ ಆಮ್ಲಗಳದೆಂದು ಬಹುಕಾಲ ಭಾವಿಸಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಅದು ಅವೆರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಸ್ಥಾಪಿಸಿದರು. ಅವರು ವಿಶ್ಲೇಷಿಸಿದ್ದು ಉಪ್ಪಾಗೆಯನ್ನು, ಅಂದರೆ ಕೊಡಗಿನವರು ಕಾಚಂಪುಳಿ ಮಾಡುವ ಹಣ್ಣನ್ನು. ಅದೇ ಸಂಸ್ಥೆಯ ಜಯಪ್ರಕಾಶ ಮತ್ತು ಸಕರಯ್ಯ 2002ರಲ್ಲಿ ಪುನರ್ಪುಳಿಯ ಸಿಪ್ಪೆಯಲ್ಲಿಯೂ ಇದೇ ಆಮ್ಲ ಶೇ. 10.3ರಿಂದ 12.7ರಷ್ಟಿರುವುದನ್ನು ತೋರಿಸಿದರು.

ಈ ಆಮ್ಲದ ಭಾಗ್ಯ ತೆರೆದದ್ದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ. ಅಕ್ಕಿ, ಸಕ್ಕರೆಗಳಿಂದ ಬಂದ ಇಂಗಾಲ ಯಕೃತ್ತಿನ ಕೋಶದ ಮೈಟೊಕಾಂಡ್ರಿಯದಲ್ಲಿ ಸಿಟ್ರೇಟಾಗುತ್ತದೆ. ಹೆಚ್ಚಾದ ಸಿಟ್ರೇಟು ಹೊರಬಂದಾಗ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವ ಅದನ್ನು ಸೀಳುತ್ತದೆ. ಸೀಳಿ ಬಂದ ತುಣುಕುಗಳೇ ಕೊಬ್ಬಿನ ಇಟ್ಟಿಗೆಗಳು. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಸಿಟ್ರೇಟಿನ ವೇಷದಲ್ಲಿ ಹೋಗಿ ಆ ಕಿಣ್ವವನ್ನು ತಡೆದು ನಿಲ್ಲಿಸುತ್ತದೆಂದು ಲೋವೆನ್‌ಸ್ಟೈನ್ ಮತ್ತು ಸಂಗಡಿಗರು 1969ರಲ್ಲಿ ವರದಿ ಮಾಡಿದರು. ಇಲಿಗಳಲ್ಲಿ ಕೊಬ್ಬಿನ ಉತ್ಪಾದನೆ ಇಳಿಯಿತು. ಸಕ್ಕರೆ ಕೊಬ್ಬಾಗುವ ದಾರಿಗೇ ಬೀಗ ಹಾಕುವ ಹಣ್ಣಿನ ಆಮ್ಲ! ಇದಕ್ಕಿಂತ ಆಕರ್ಷಕವಾದ ಜಾಹೀರಾತು ಬೇಕೆ? 1990ರ ದಶಕದ ಹೊತ್ತಿಗೆ ಅದು ಗುಳಿಗೆಯಾಗಿ ಅಮೆರಿಕದ ಮಾರುಕಟ್ಟೆಯನ್ನು ತುಂಬಿತ್ತು.

ಮನುಷ್ಯರಲ್ಲಿ ಫಲ ಬೇರೆಯಾಯಿತು. ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1998ರಲ್ಲಿ ಪ್ರಕಟವಾದ, 135 ಮಂದಿಯ 12 ವಾರಗಳ ಪ್ರಯೋಗದಲ್ಲಿ ದಿನಕ್ಕೆ 1500 ಮಿ.ಗ್ರಾಂ ಆಮ್ಲ ಸೇವಿಸಿದವರ ತೂಕ ಸರಾಸರಿ 3.2 ಕೆ.ಜಿ. ಇಳಿದರೆ ಹುಸಿಮದ್ದಿನವರದು 4.1 ಕೆ.ಜಿ. ಇಳಿಯಿತು, ಇಳಿಸಿದ್ದು ಎರಡೂ ಗುಂಪುಗಳಿಗೆ ವಿಧಿಸಿದ್ದ ಮಿತಾಹಾರ. ಕಾರಣವನ್ನು ಊಹಿಸಲು 2005ರ ಇನ್ನೊಂದು ಅಧ್ಯಯನ ನೆರವಾಗುತ್ತದೆ. ಕೊಬ್ಬಿನ ಯಕೃತ್ತಿನಲ್ಲಿ ಶೇಖರವಾದ ಕೊಬ್ಬಿನ ಸುಮಾರು ಶೇ. 59 ದೇಹದ ಮೇದಸ್ಸಿನಿಂದ ಹರಿದುಬಂದದ್ದು, ಶೇ. 15 ನೇರ ಆಹಾರದ್ದು, ಸಕ್ಕರೆಯಿಂದ ಅಲ್ಲಿಯೇ ಹೊಸದಾಗಿ ತಯಾರಾದದ್ದು ಶೇ. 26. ಬೀಗ ಹಾಕಿದರೂ ಅದು ಮೂರು ಬಾಗಿಲುಗಳಲ್ಲಿ ಒಂದಕ್ಕೆ. ಆ ಕಿಣ್ವವೇನೂ ವ್ಯರ್ಥವಾದ ಗುರಿಯಲ್ಲ. ಅದನ್ನೇ ತಡೆಯುವ ಬೆಂಪಿಡೋಯಿಕ್ ಆಮ್ಲ 2020ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮನ್ನಣೆ ಪಡೆದಿದೆ, ಆದರೆ ಕೊಲೆಸ್ಟರಾಲ್ ಇಳಿಸುವುದಕ್ಕಾಗಿ.

ಫಲವಿಲ್ಲದಿದ್ದರೆ ಹೋಗಲಿ ಎನ್ನಬಹುದಿತ್ತು. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 'ಹೈಡ್ರಾಕ್ಸಿಕಟ್' ಎಂಬ ಪೂರಕದ ಬಳಕೆ ನಿಲ್ಲಿಸುವಂತೆ ಎಚ್ಚರಿಸಿತು. ಕಾಮಾಲೆಯಿಂದ ಹಿಡಿದು ಯಕೃತ್ತಿನ ಕಸಿಯವರೆಗೆ 23 ಗಂಭೀರ ಪ್ರಕರಣಗಳು, ಅವುಗಳಲ್ಲಿ ಒಂದು ಸಾವು ವರದಿಯಾಗಿದ್ದವು. ಆ ಪೂರಕ ಹಲವು ದ್ರವ್ಯಗಳ ಮಿಶ್ರಣವಾಗಿದ್ದುದರಿಂದ ದೋಷವನ್ನು ಗಾರ್ಸೀನಿಯದ ತಲೆಗೇ ಕಟ್ಟಲು ಆಗ ಸಾಧ್ಯವಿರಲಿಲ್ಲ. ಔಷಧಜನ್ಯ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ಜಾಲ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಗಾರ್ಸೀನಿಯಕ್ಕೆ ಸಂಬಂಧಿಸಿದ 22 ಪ್ರಕರಣಗಳಿವೆ: 5ರಲ್ಲಿ ಅದೊಂದೇ, 16ರಲ್ಲಿ ಹಸಿರು ಚಹಾದ ಸತ್ವದೊಡನೆ, 1ರಲ್ಲಿ ಅಶ್ವಗಂಧದೊಡನೆ. ಇಂಥ ಹಾನಿ ವಿರಳ, ಮತ್ತು ರೋಗನಿರೋಧಕ ವ್ಯವಸ್ಥೆಯ ಒಂದು ಜನ್ಮಜಾತ ಗುರುತು ಉಳ್ಳವರಲ್ಲಿ ಹೆಚ್ಚು. ಯಾರಲ್ಲಿ ಆ ಗುರುತಿದೆ ಎಂದು ಗುಳಿಗೆ ನುಂಗುವವನಿಗೆ ತಿಳಿದಿರುವುದಿಲ್ಲ. 'ಸಸ್ಯಮೂಲ, ಆದುದರಿಂದ ನಿರಪಾಯ' ಎಂಬ ವಾದಕ್ಕೆ ನಮ್ಮ ದೇಶದಲ್ಲಿಯೇ ಉತ್ತರವಿದೆ: 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿನ ಉರಿಯೂತವನ್ನು ಕಂಡು ಮರುವರ್ಷ ವರದಿ ಮಾಡಿದರು.

ಹಾಗಿದ್ದರೆ ಪುನರ್ಪುಳಿಯ ಸಾರನ್ನೂ ಬಿಡಬೇಕೇ? ಹಾಗೆ ಹೇಳಲು ಆಧಾರವಿಲ್ಲ. ಮೇಲಿನ ಶೇಕಡಾವಾರಿನಂತೆ 1500 ಮಿ.ಗ್ರಾಂ ಆಮ್ಲಕ್ಕೆ ಸಿಪ್ಪೆ 12ರಿಂದ 15 ಗ್ರಾಂ ಸಾಕು. ಕಾಗದದ ಮೇಲೆ ಇದು ಅಸಾಧ್ಯ ಪ್ರಮಾಣವಲ್ಲ. ಆದರೆ ಸಾರಿಗೆ ಹಾಕುವ ಕೆಲವೇ ಸಿಪ್ಪೆಗಳು ಇಡೀ ಮನೆಗೆ ಹಂಚಿಹೋಗುತ್ತವೆ, ಹಿಂಡಿದ ಚರಟ ಹೊರಗೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾದುದು ರೂಪದ ಭೇದ. ಈ ಆಮ್ಲ ಅಸ್ಥಿರ. ಒಣಗಿಸುವಾಗ, ಕುದಿಸುವಾಗ ಅದರ ಒಂದಂಶ ಲ್ಯಾಕ್ಟೋನಾಗಿ ಮಡಚಿಕೊಳ್ಳುತ್ತದೆ, ಲ್ಯಾಕ್ಟೋನು ಆ ಕಿಣ್ವವನ್ನು ಅಷ್ಟಾಗಿ ತಡೆಯದು. ಗುಳಿಗೆಯ ತಯಾರಕರು ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣಗಳನ್ನು ಸೇರಿಸುವುದು ಈ ಮಡಚಿಕೊಳ್ಳುವಿಕೆಯನ್ನು ತಪ್ಪಿಸುವುದಕ್ಕಾಗಿಯೇ. ಅಡುಗೆಮನೆ ಸೌಮ್ಯಗೊಳಿಸಿದ್ದನ್ನು ಕಾರ್ಖಾನೆ ಮತ್ತೆ ಹರಿತಗೊಳಿಸಿ ಪ್ರತಿದಿನ, ತಿಂಗಳುಗಟ್ಟಲೆ, ಬೇರೆ ಸತ್ವಗಳೊಡನೆ ಕೊಡುತ್ತದೆ.

ಪಾನಕದ ಲೆಕ್ಕ

ಸಿರಪ್ಪಿನ ದೋಷ ಬೇರೆ ಬಗೆಯದು. ನಮ್ಮ ಆಹಾರ ಕಾಯಿದೆಯ ಮಾನದಂಡದಂತೆ ಹಣ್ಣಿನ ಸಿರಪ್ಪಿನಲ್ಲಿ ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕು, ಪುನರ್ಪುಳಿಯ ಸಿರಪ್ಪಿನಲ್ಲಿ ಅದು ಬಹುತೇಕ ಸಕ್ಕರೆಯೇ. ಲೋಟಕ್ಕೆ 50 ಮಿಲಿಲೀಟರ್ ಬೆರೆಸಿದರೆ ಸುಮಾರು 40 ಗ್ರಾಂ ಸಕ್ಕರೆ ಹೊಟ್ಟೆ ಸೇರುತ್ತದೆ, ಅದರಲ್ಲಿ ಅರ್ಧ ಫ್ರಕ್ಟೋಸ್. ಫ್ರಕ್ಟೋಸಿನ ಬಹುಭಾಗವನ್ನು ಸಂಭಾಳಿಸುವ ಹೊಣೆ ಯಕೃತ್ತಿನದು. ಕೆಲವು ಮಿಲಿಗ್ರಾಂ ಆಂಥೋಸಯನಿನ್ನಿಗಾಗಿ ಈ ಬೆಲೆ ತೆರುವುದು, ಮಧುಮೇಹಪೂರ್ವ ಸ್ಥಿತಿಯವರಿಗೆ, ನನ್ನ ಅಭಿಪ್ರಾಯದಲ್ಲಿ ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ. ಉಪ್ಪು, ಜೀರಿಗೆ ಹಾಕಿದ ಸಕ್ಕರೆಯಿಲ್ಲದ ಪುನರ್ಪುಳಿ ನೀರು ನಮ್ಮಲ್ಲಿ ಅಪರಿಚಿತವಲ್ಲ. ರಕ್ತದೊತ್ತಡವಿದ್ದವರು ಉಪ್ಪನ್ನು ಹಿಡಿತದಲ್ಲಿಡಬೇಕಷ್ಟೆ.

ಹಣ್ಣುಗಳ ಪರಿಣಾಮವನ್ನು ಯಾವುದರೊಡನೆ ತೂಗಬೇಕು ಎಂಬುದಕ್ಕೆ 2006ರಲ್ಲಿ ಪ್ರಕಟವಾದ ಚೆನ್ನೈಯ ರಾಮಚಂದ್ರನ್ ಮತ್ತು ಸಂಗಡಿಗರ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮ ಉತ್ತಮ ಅಳತೆಗೋಲು. ಗ್ಲೂಕೋಸ್ ಸಹಿಷ್ಣುತೆ ಕುಗ್ಗಿದ್ದ 531 ಮಂದಿಯಲ್ಲಿ 3 ವರ್ಷಗಳೊಳಗೆ ಮಧುಮೇಹಿಗಳಾದವರು ಸಾಮಾನ್ಯ ಸಲಹೆಯ ಗುಂಪಿನಲ್ಲಿ ಶೇ. 55, ನಡಿಗೆ ಮತ್ತು ಆಹಾರಕ್ರಮದ ಗುಂಪಿನಲ್ಲಿ ಶೇ. 39.3, ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ. 40.5, ಎರಡೂ ಸೇರಿದಾಗ ಶೇ. 39.5. ಯಾವ ಬೆರಿಯೂ ಇಂಥ ಪರೀಕ್ಷೆಯಲ್ಲಿ ಇಂಥ ಅಂಕ ಪಡೆದಿಲ್ಲ.

ಮಂಗಳೂರಿನಲ್ಲಿ ಮಾಡಬಹುದಾದ ಪ್ರಯೋಗ

ಪುನರ್ಪುಳಿಯ ಮೇಲೆ ಹೇಳಿಕೆಗಳು ಹೇರಳ, ಮನುಷ್ಯರ ಯಕೃತ್ತಿನ ಕೊಬ್ಬನ್ನು ಅಳೆದು ನೋಡಿದ ಪ್ರಯೋಗಗಳ ಸ್ಥಾನದಲ್ಲಿ ಹೆಚ್ಚಾಗಿ ಪ್ರಾಣಿಗಳ ಮತ್ತು ಪರೀಕ್ಷಾನಳಿಗೆಯ ಅಧ್ಯಯನಗಳಿವೆ. ಕಸ್ತೂರ್ಬಾ, ಫಾದರ್ ಮುಲ್ಲರ್, ಕೆ.ಎಸ್. ಹೆಗ್ಡೆ, ಯೇನೆಪೋಯ ಮೊದಲಾದ ವೈದ್ಯಕೀಯ ಕಾಲೇಜುಗಳಿರುವ, ಹಣ್ಣೂ ತಿನ್ನುವವರೂ ಒಂದೇ ಕಡೆ ದೊರೆಯುವ ಮಂಗಳೂರಿಗಿಂತ ಇದಕ್ಕೆ ತಕ್ಕ ಸ್ಥಳ ಬೇರೊಂದಿಲ್ಲ. ಕನಿಷ್ಠ 24 ವಾರಗಳ ಅವಧಿ, ಎಎಲ್‌ಟಿಯ ಜೊತೆಗೆ ಯಕೃತ್ತಿನ ಕೊಬ್ಬಿನ ನೇರ ಅಳತೆ, ಸೊಂಟದ ಸುತ್ತಳತೆ, ಎಚ್‌ಬಿಎ1ಸಿ ಇವು ಬೇಕಾಗುತ್ತವೆ. ಸಾಮಾನ್ಯ ಅಲ್ಟ್ರಾಸೌಂಡ್ ಸಾಲದು, ಕೊಬ್ಬು ಶೇ. 20ನ್ನು ದಾಟುವ ತನಕ ಅದರ ಕಣ್ಣಿಗೆ ಸ್ಪಷ್ಟವಾಗಿ ಬೀಳುವುದಿಲ್ಲ.

ತೊಡಕುಗಳೂ ಇವೆ. ಪುನರ್ಪುಳಿ ಬೇಸಿಗೆಯ ಹಣ್ಣು. 24 ವಾರ ನಡೆಯಬೇಕಾದರೆ ಒಣಸಿಪ್ಪೆಯನ್ನೇ ಬಳಸಬೇಕು, ಮತ್ತು ಅದರ ವರ್ಣಕ ಬೆಳಕಿಗೆ, ಶಾಖಕ್ಕೆ, ಮಳೆಗಾಲದ ತೇವಕ್ಕೆ ನಶಿಸುತ್ತ ಹೋಗುತ್ತದೆ. ಆದುದರಿಂದ ಪ್ರತಿ ಕಂತಿನ ಸಿಪ್ಪೆಯಲ್ಲಿ ಆಂಥೋಸಯನಿನ್ನನ್ನೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನೂ ಅದರ ಲ್ಯಾಕ್ಟೋನನ್ನೂ ಪ್ರತ್ಯೇಕವಾಗಿ ಅಳೆದು ದಾಖಲಿಸಬೇಕು. ಭಾಗವಹಿಸುವವರ ಯಕೃತ್ತಿನ ಕಿಣ್ವಗಳನ್ನು ಮೊದಲ ತಿಂಗಳಿನಿಂದಲೇ ಪರೀಕ್ಷಿಸುತ್ತಿರಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಹುಸಿಮದ್ದಿನ ತಯಾರಿ. ಹುಣಿಸೆ, ನಿಂಬೆಗಳಿಂದ ಹುಳಿಯನ್ನೂ ಅನುಮತಿಸಿದ ಕೃತಕ ವರ್ಣದಿಂದ ಕೆಂಪನ್ನೂ ತರಬಹುದು. ಆದರೆ ಪುನರ್ಪುಳಿ ಸಾರು ಉಂಡು ಬೆಳೆದ ನಾಲಿಗೆಯನ್ನು ಅದರಿಂದ ವಂಚಿಸುವುದು ಕಷ್ಟ. ಸಿಪ್ಪೆಯ ಪುಡಿಯನ್ನು ರುಚಿ ತಿಳಿಯದ ಕವಚದೊಳಗೆ ತುಂಬಿದರೆ ಪ್ರಯೋಗ ಶುದ್ಧವಾಗುತ್ತದೆ. ಆದರೆ ಆಗ ಪರೀಕ್ಷೆಗೊಳಗಾಗುವುದು ಸಾರು ಅಲ್ಲ, ಮತ್ತೊಂದು ಗುಳಿಗೆ.